ರೋಜಾ (ರಂಜಾನ್ ಉಪವಾಸ) ಬಗ್ಗೆ ನಮ್ಮವರ ಮನಸ್ಸು ಬದಲಾಗಿದೆಯಾ, ಇಲ್ಲಾ ಮಾತಾಡೋದು ಮಾತ್ರ ಜಾಸ್ತಿ ಆಗಿದೆಯಾ?

ಸಂಜೆಗಾಳಿ ಕೇಳಿದ್ದು:

ಎಲ್ಲರಿಗೂ ಸಲಾಂ. ತುಂಬಾ ದಿನದಿಂದ ಮನಸ್ಸಲ್ಲಿ ಕೊರೆಯುತ್ತಿರುವ ವಿಷಯ ಇದು. ಸ್ವಲ್ಪ ಉದ್ದ ಆಗಬಹುದು, ದಯವಿಟ್ಟು ಪೂರ್ತಿ ಓದಿ.

ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ "ನಾಳೆ ರೋಜಾ ಇರ್ತೀಯಾ" ಅಂತ ಯಾರೂ ಯಾರನ್ನೂ ಕೇಳುತ್ತಿರಲಿಲ್ಲ. ಬೆಳಗಿನ ಜಾವದ ಸಹರಿ ಊಟಕ್ಕೆ ಎಬ್ಬಿಸುತ್ತಿದ್ದರು, ಏಳುತ್ತಿದ್ದೆವು, ಅಷ್ಟೇ. ಈಗ ಅದೇ ಮನೆಯಲ್ಲಿ ಇಬ್ಬರ ನಡುವೆ ನಾನು ಸಿಕ್ಕಿಕೊಂಡಿದ್ದೇನೆ. ಒಬ್ಬರು ನಮ್ಮ ಅಮ್ಮಿ. ಟೈಪ್ 2 ಶುಗರ್, ಇನ್ಸುಲಿನ್ ತಗೋತಾರೆ. ಡಾಕ್ಟರ್ ರೋಜಾ ಬೇಡ ಅಂತ ಕಡ್ಡಿ ಮುರಿದ ಹಾಗೆ ಹೇಳಿದ್ದಾರೆ. ಆದರೂ ಬಿಡಲ್ಲ. ಇನ್ನೊಬ್ಬ ನನ್ನ ತಮ್ಮ, 24 ವರ್ಷ, ಗಟ್ಟಿಮುಟ್ಟಾಗಿದ್ದಾನೆ. ಅವನು ಮನಸ್ಸು ಬಂದ ದಿನ ಇರುತ್ತಾನೆ, ಬರದ ದಿನ ಇಲ್ಲ. ಕೇಳಿದರೆ "ಬಲವಂತಕ್ಕೆ ಇದ್ದರೆ ಅದು ಹಸಿವು ಅಷ್ಟೇ ಅಣ್ಣ, ಇಬಾದತ್ (ಆರಾಧನೆ) ಅಲ್ಲ" ಅನ್ನುತ್ತಾನೆ. ಇರಬಾರದವರು ಇರುತ್ತಿದ್ದಾರೆ, ಇರಬಹುದಾದವನು ಇರುತ್ತಿಲ್ಲ.

ಹೋದ ವಾರ ಅಮ್ಮಿ ಅಡುಗೆಮನೆ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. ಕೈ ನಡುಗುತ್ತಿತ್ತು, ಹಣೆ ಮೇಲೆ ಬೆವರು. ಬೆರಳು ಚುಚ್ಚಿ ನೋಡಿದರೆ ಮೀಟರ್ 58 ತೋರಿಸಿತು. ಸಕ್ಕರೆ ನೀರು ಮಾಡಿ ಕೊಟ್ಟೆ. ಲೋಟ ಕೈಯಲ್ಲಿ ಹಿಡಿದುಕೊಂಡೇ ಇದ್ದರು, ಬಾಯಿಗೆ ತರಲಿಲ್ಲ. "ಇನ್ನೆಷ್ಟು ಹೊತ್ತು, ಇಫ್ತಾರ್‌ಗೆ ಎರಡು ಗಂಟೆ ತಾನೇ" ಅಂದರು. ಕೊನೆಗೆ ತಮ್ಮ ಬಂದು ಪಕ್ಕದಲ್ಲಿ ಕೂತು, ಲೋಟಕ್ಕೆ ತಾನೂ ಕೈ ಕೊಟ್ಟು ಕುಡಿಸಿದ. ಆ ದಿನ ರೋಜಾ ಇರದೇ ಇದ್ದವನು ಅವನೊಬ್ಬನೇ.

ಆಮೇಲೆ ಅಮ್ಮಿ ಅತ್ತರು. ಅದಕ್ಕಿಂತ ಜಾಸ್ತಿ ನನಗೆ ಚುಚ್ಚಿದ್ದು ಸಂಜೆ ನಡೆದದ್ದು. ಅಕ್ಕಪಕ್ಕದವರು ಇಫ್ತಾರ್‌ಗೆ ಬಂದಿದ್ದರು. ಅಮ್ಮಿ ರೋಜಾ ಇದ್ದವರ ಹಾಗೇ ಎಲ್ಲರ ಜೊತೆ ಕೂತು ಅಜಾನ್‌ಗೆ ಕಾದರು. ಯಾರಿಗೂ ಗೊತ್ತಾಗಬಾರದು ಅಂತ ನನಗೆ ಕಣ್ಣಲ್ಲೇ ಹೇಳಿದರು.

ನನ್ನ ಪ್ರಶ್ನೆ ಇಷ್ಟು. ನಿಮ್ಮ ಮನೆಗಳಲ್ಲೂ ಹೀಗೇ ಆಗುತ್ತಿದೆಯಾ? ರೋಜಾ ಬಗ್ಗೆ ನಿಜವಾಗಿ ಏನಾದರೂ ಬದಲಾಗಿದೆಯಾ? ಮತ್ತೆ ಅಮ್ಮಿಗೆ ಹೇಗೆ ಹೇಳಲಿ?

ವಾರ್ಡ್‌ಡ್ಯೂಟಿ:

ಸಲಾಂ ತಮ್ಮ. ಮೊದಲು ಅಮ್ಮನ ವಿಷಯ, ಉಳಿದದ್ದು ಆಮೇಲೆ. ನಾನು ನರ್ಸ್. ಪ್ರತಿ ರಂಜಾನ್‌ನಲ್ಲೂ ಇಂಥ ಅಮ್ಮಂದಿರನ್ನು ನೋಡುತ್ತೇನೆ.

58 ಅನ್ನೋದು ಸಣ್ಣ ವಿಷಯ ಅಲ್ಲ. ಮೀಟರ್ 70ಕ್ಕಿಂತ ಕೆಳಗೆ ತೋರಿಸಿದರೆ ಆ ಕ್ಷಣವೇ ರೋಜಾ ಮುರಿಯಬೇಕು, ಇಫ್ತಾರ್‌ಗೆ ಐದು ನಿಮಿಷ ಇದ್ದರೂ ಸರಿ. 300 ದಾಟಿದರೂ ಹಾಗೇ. ಮೀಟರ್ ಏನೇ ತೋರಿಸಲಿ, ಮೈ ನಡುಗಿದರೆ, ತಲೆ ಸುತ್ತಿದರೆ, ಮಾತು ತೊದಲಿದರೆ ಕಾಯಬಾರದು. ಇದು ನನ್ನ ಸ್ವಂತ ಮಾತಲ್ಲ. ಅಂತಾರಾಷ್ಟ್ರೀಯ ಮಧುಮೇಹ ಒಕ್ಕೂಟದವರು ರಂಜಾನ್‌ಗಾಗಿಯೇ 2016ರಲ್ಲಿ ಮಾರ್ಗಸೂಚಿ ತಂದರು, 2021ರಲ್ಲಿ ಅದನ್ನು ಹೊಸದು ಮಾಡಿದರು. ಅದರಲ್ಲಿ ಅಂಕ ಹಾಕುವ ಪದ್ಧತಿ ಇದೆ. ಎಷ್ಟು ವರ್ಷದಿಂದ ಶುಗರ್ ಇದೆ, ಯಾವ ಔಷಧಿ, ಕಿಡ್ನಿ ಹೇಗಿದೆ, ಹಿಂದೆ ಶುಗರ್ ಇಳಿದು ಬಿದ್ದಿದ್ದಾರಾ ಅಂತೆಲ್ಲ ನೋಡಿ ಯಾರು ಇರಬಹುದು, ಯಾರು ಇರಬಾರದು ಅಂತ ಹೇಳುತ್ತಾರೆ. ಎಲ್ಲ ಶುಗರ್ ಇರುವವರೂ ಬಿಡಲೇಬೇಕು ಅಂತೇನಿಲ್ಲ. ಆದರೆ ಅದನ್ನು ರಂಜಾನ್‌ಗೆ ಒಂದೂವರೆ ಎರಡು ತಿಂಗಳು ಮೊದಲೇ ಡಾಕ್ಟರ್ ಹತ್ತಿರ ಕೂತು ತೀರ್ಮಾನಿಸಬೇಕು. ಚಂದ್ರ ಕಂಡ ರಾತ್ರಿ ಅಲ್ಲ.

ನಿಮ್ಮ ಅಮ್ಮ ಒಬ್ಬರೇ ಹೀಗೆ ಅಂದುಕೊಳ್ಳಬೇಡಿ. 2001ರಲ್ಲಿ 13 ದೇಶಗಳಲ್ಲಿ, ಶುಗರ್ ಇರುವ 12 ಸಾವಿರಕ್ಕೂ ಹೆಚ್ಚು ಮುಸ್ಲಿಮರನ್ನು ಕೇಳಿ ಒಂದು ದೊಡ್ಡ ಅಧ್ಯಯನ ಮಾಡಿದ್ದರು. ಟೈಪ್ 2 ಇದ್ದವರಲ್ಲಿ 79 ಶೇಕಡಾ ಜನ ಕನಿಷ್ಠ 15 ದಿನ ರೋಜಾ ಇದ್ದರು. ಆಸ್ಪತ್ರೆಗೆ ಸೇರಿಸಬೇಕಾದಷ್ಟು ಶುಗರ್ ಇಳಿಯುವುದು ಅವರಲ್ಲಿ ಬೇರೆ ತಿಂಗಳುಗಳಿಗಿಂತ ಏಳು ಪಟ್ಟಿಗೂ ಜಾಸ್ತಿ ಕಂಡಿತು.

ಒಂದು ಬದಲಾವಣೆ ಮಾತ್ರ ನಾನು ಕಣ್ಣಾರೆ ನೋಡಿದ್ದೇನೆ. ಮೊದಲೆಲ್ಲ ರೋಗಿಗಳು ರೋಜಾ ಇರುವುದನ್ನು ನಮ್ಮಿಂದ ಮುಚ್ಚಿಡುತ್ತಿದ್ದರು. ಬೈತಾರೆ ಅಂತ. ಬೆರಳು ಚುಚ್ಚಿದರೆ ರೋಜಾ ಮುರಿಯುತ್ತದೆ ಅಂತ ಹೆದರಿ ಚೆಕ್ ಕೂಡ ಮಾಡುತ್ತಿರಲಿಲ್ಲ. ಮುರಿಯಲ್ಲ. ಇನ್ಸುಲಿನ್ ಚುಚ್ಚಿದರೂ ಮುರಿಯಲ್ಲ ಅಂತ ಉಲಮಾಗಳೇ (ಧರ್ಮ ಪಂಡಿತರೇ) ಹೇಳಿದ್ದಾರೆ. ಈಗ ಅವರೇ ಮುಂಚೆ ಬಂದು "ಸಿಸ್ಟರ್, ಈ ಸಲ ಇರಬಹುದಾ, ಡೋಸ್ ಹೇಗೆ ಬದಲಿಸಬೇಕು" ಅಂತ ಕೇಳುತ್ತಾರೆ. ಹಾಗೆ ಕೇಳಿದವರಲ್ಲಿ ಎಷ್ಟೋ ಜನ ತಿಂಗಳು ಪೂರ್ತಿ ಆರಾಮಾಗಿ ಮುಗಿಸಿದ್ದಾರೆ. ತೊಂದರೆ ಆಗೋದು ಬಚ್ಚಿಟ್ಟವರಿಗೇ.

ಹಳೇಕನ್ನಡಕ:

ವಾರ್ಡ್‌ಡ್ಯೂಟಿ ತಂಗಿ ಚೆನ್ನಾಗಿ ಹೇಳಿದ್ದಾರೆ. ದೀನ್, ಅಂದರೆ ಧರ್ಮದ ಕಡೆಯಿಂದ ನನಗೆ ಗೊತ್ತಿರುವಷ್ಟು ಹೇಳುತ್ತೇನೆ. ನಾನು ಮುಫ್ತಿ ಅಲ್ಲ. ಆದರೆ ಓದಿದವರ ಹತ್ತಿರ ಕೂತು ಕಲಿತವನು.

ಮಗಾ, ರೋಜಾ ಇರಿ ಅಂತ ಹೇಳಿದ್ದು ಕುರ್‌ಆನ್‌ನ ಎರಡನೇ ಅಧ್ಯಾಯದ 183ನೇ ವಚನ. ಕಾಯಿಲೆಯವರಿಗೆ, ಪ್ರಯಾಣದಲ್ಲಿರುವವರಿಗೆ ಬಿಡುವು ಕೊಟ್ಟದ್ದು ಅದರ ಮುಂದಿನ ವಚನ. ಅದರ ಮುಂದಿನ 185ರಲ್ಲಿ, ಅಲ್ಲಾಹನು ನಿಮಗೆ ಸುಲಭವನ್ನು ಬಯಸುತ್ತಾನೆ, ಕಷ್ಟವನ್ನಲ್ಲ ಅಂತ ಬರುತ್ತದೆ. ಹುಕುಂ ಕೊಟ್ಟ ಉಸಿರಲ್ಲೇ ರಿಯಾಯಿತಿಯನ್ನೂ ಕೊಟ್ಟಿದ್ದಾನೆ. ಹಾಗಿರುವಾಗ ನಾವು ಒಂದನ್ನು ಗಟ್ಟಿಯಾಗಿ ಹೇಳಿ ಇನ್ನೊಂದನ್ನು ಪಿಸುಗುಟ್ಟುವುದು ಯಾಕೆ?

ಅಮ್ಮನಿಗೆ ಒಂದು ಹದೀಸ್ (ಪ್ರವಾದಿಯವರ ನಡೆ ನುಡಿಯ ದಾಖಲೆ) ಓದಿ ಹೇಳಿ. ಸಹೀಹ್ ಮುಸ್ಲಿಂ ಅನ್ನುವ ಹದೀಸ್ ಸಂಗ್ರಹದಲ್ಲಿದೆ. ಮಕ್ಕಾ ವಿಜಯದ ವರ್ಷ, ಇಸ್ಲಾಮಿ ಪಂಚಾಂಗದ ಹಿಜರಿ 8, ರಂಜಾನ್ ತಿಂಗಳು. ಪ್ರವಾದಿಯವರು ಸಲ್ಲಲ್ಲಾಹು ಅಲೈಹಿ ವಸಲ್ಲಂ ಮದೀನಾದಿಂದ ಹೊರಟಿದ್ದಾರೆ, ಅವರೂ ರೋಜಾ ಇದ್ದಾರೆ, ಜೊತೆಯವರೂ ಇದ್ದಾರೆ. ಜನಕ್ಕೆ ಕಷ್ಟ ಆಗುತ್ತಿದೆ, ಆದರೆ ಎಲ್ಲರೂ ನಿಮ್ಮನ್ನೇ ನೋಡುತ್ತಿದ್ದಾರೆ ಅಂತ ಯಾರೋ ಹೇಳಿದರು. ಆಗ ಅವರು ನೀರಿನ ಪಾತ್ರೆ ತರಿಸಿ, ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದು ಕುಡಿದರು. ಡೇರೆ ಒಳಗೆ ಹೋಗಿ ಕುಡಿಯಲಿಲ್ಲ. ಅದಾದ ಮೇಲೂ ಕೆಲವರು ರೋಜಾ ಬಿಡಲಿಲ್ಲ ಅಂತ ಕೇಳಿದಾಗ ಅವರನ್ನು ಹೊಗಳಲಿಲ್ಲ, ಅವರು ಮಾತು ಮೀರಿದವರು ಅಂದರು.

ಇನ್ನು ಮಸ್‌ಅಲಾ, ಅಂದರೆ ಧರ್ಮದ ನಿಯಮ. ವಾಸಿಯಾಗುವ ಕಾಯಿಲೆ ಆದರೆ ಬಿಟ್ಟ ರೋಜಾಗಳನ್ನು ಆಮೇಲೆ ಬೇರೆ ದಿನ ಇದ್ದು ಕಜಾ ಮಾಡಬೇಕು. ವಾಸಿಯಾಗುವ ಭರವಸೆ ಇಲ್ಲದಿದ್ದರೆ ಫಿದ್ಯಾ, ಒಂದು ರೋಜಾಗೆ ಒಬ್ಬ ಬಡವನ ಊಟ. ಚಳಿಗಾಲದ ಚಿಕ್ಕ ದಿನಗಳಲ್ಲಿ ಇರಬಹುದು ಅಂತ ಡಾಕ್ಟರ್ ಹೇಳಿದರೆ ಆಗ ಕಜಾ ಮಾಡಬಹುದು. ನಿಮ್ಮ ಅಮ್ಮನಿಗೆ ಯಾವುದು ಅಂತ ಧರ್ಮ ಬಲ್ಲ ಒಬ್ಬ ಆಲಿಮರನ್ನು ಕೇಳಿ, ಡಾಕ್ಟರ್ ಚೀಟಿಯನ್ನೂ ತಗೊಂಡು ಹೋಗಿ.

ತಮ್ಮನ ವಿಷಯಕ್ಕೆ ಬಂದರೆ, ನನಗೆ ಅವನ ಮಾತು ಒಪ್ಪಿಗೆ ಇಲ್ಲ. ಮನಸ್ಸು ಬಂದಾಗ ಮಾತ್ರ ಮಾಡುವುದಾದರೆ ಅದು ಫರ್ಜ್ (ಕಡ್ಡಾಯ ಕರ್ತವ್ಯ) ಹೇಗಾಗುತ್ತದೆ? ಮನಸ್ಸು ಬರದ ದಿನವೂ ಎದ್ದು ಕೂರುವುದರಲ್ಲೇ ರೋಜಾದ ಅರ್ಧ ಪಾಠ ಇದೆ. ಆದರೆ ಅಮ್ಮನಿಗೆ ನೀರು ಕುಡಿಸಿದನಲ್ಲ, ಆ ಕೆಲಸ ದೊಡ್ಡದು. ಅವನಿಗೆ ಇದನ್ನು ಹೇಳಿ.

ನೀಲಿದುಪಟ್ಟಾ:

ಅಮ್ಮಿ ಇಫ್ತಾರ್‌ಗೆ ಕಾದು ಕೂತದ್ದನ್ನು ಓದಿ ಹೊಟ್ಟೆಯಲ್ಲಿ ಸಂಕಟ ಆಯಿತು. ಯಾಕೆಂದರೆ ನಾವು ಹೆಣ್ಣುಮಕ್ಕಳು ಇದನ್ನು ಹನ್ನೆರಡು ಹದಿಮೂರನೇ ವಯಸ್ಸಿಂದ ಮಾಡಿಕೊಂಡು ಬಂದಿದ್ದೇವೆ.

ಮುಟ್ಟಿನ ದಿನಗಳಲ್ಲಿ ರೋಜಾ ಇಲ್ಲ. ಇರುವ ಹಾಗೇ ಇಲ್ಲ. ಆಮೇಲೆ ಕಜಾ ಮಾಡಬೇಕು, ಆ ದಿನಗಳ ನಮಾಜ್ ಮಾತ್ರ ಕಜಾ ಮಾಡಬೇಕಿಲ್ಲ. ಈ ನಿಯಮ ಎಲ್ಲರಿಗೂ ಗೊತ್ತು. ಆದರೆ ಮನೆಯಲ್ಲಿ ಅಬ್ಬಾ, ಅಣ್ಣಂದಿರು ಇದ್ದಾರೆ ಅಂತ ನಾನು ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟು, ಆ ಸದ್ದಿನಲ್ಲಿ ಬಿಸ್ಕತ್ತು ತಿಂದಿದ್ದೇನೆ. ಪೊಟ್ಟಣ ಸರಸರ ಅಂದರೆ ಹೊರಗೆ ಕೇಳಿಸೀತು ಅಂತ ಮೊದಲೇ ಬಿಚ್ಚಿ ಕರವಸ್ತ್ರದಲ್ಲಿ ಸುತ್ತಿಟ್ಟುಕೊಳ್ಳುತ್ತಿದ್ದೆ. ಸಹರಿಗೂ ಏಳುತ್ತಿದ್ದೆ, ಸುಮ್ನೆ. ಹೊಟ್ಟೆ ನೋವಲ್ಲಿ ನಿದ್ದೆ ಕೆಟ್ಟು ಎದ್ದು ಕೂತು ತಿನ್ನುವ ನಾಟಕ. ಆ ನಾಟಕ ಮಾಡು ಅಂತ ದೀನ್ ನನಗೆ ಹೇಳಿರಲಿಲ್ಲ. ನಾಚಿಕೆ ಹೇಳಿತ್ತು.

ಈಗ ಬದಲಾಗಿದೆ, ಖಂಡಿತ ಬದಲಾಗಿದೆ. ಈಗಿನ ಹುಡುಗಿಯರು ಇದನ್ನು ಇನ್‌ಸ್ಟಾದಲ್ಲಿ, ಯೂಟ್ಯೂಬಲ್ಲಿ ಬಾಯಿಬಿಟ್ಟು ಹೇಳುತ್ತಿದ್ದಾರೆ. "ಇವತ್ತು ನನಗೆ ರೋಜಾ ಇಲ್ಲ" ಅಂತ ಅಣ್ಣನ ಮುಂದೆಯೇ ನೀರು ಕುಡಿಯುತ್ತಾರೆ. ನನ್ನ ಮಗಳು ಹೋದ ವರ್ಷ ಹಾಗೇ ಹೇಳಿದಳು. ಅವಳ ಅಪ್ಪ ತಲೆ ಎತ್ತದೆ "ಊಟ ಮಾಡು ಮತ್ತೆ" ಅಂದರು. ಮುಗಿಯಿತು, ಇಷ್ಟೇ. ಈ ಒಂದು ಮಾತಿಗಾಗಿ ನಾನು ಇಷ್ಟು ವರ್ಷ ನಲ್ಲಿ ಬಿಟ್ಟು ಕೂತಿದ್ದೆನಾ ಅನ್ನಿಸಿತು.

ನಮ್ಮಲ್ಲಿ ಜಾಸ್ತಿ ಜನ ಹೇಳದ ಇನ್ನೊಂದು ವಿಷಯ. ಊಟದ ಕಾಯಿಲೆ ಇರುವ ಹುಡುಗಿಯರು ಇದ್ದಾರೆ, ತಿನ್ನುವುದನ್ನೇ ಬಿಡುವವರು, ತಿಂದದ್ದನ್ನು ವಾಂತಿ ಮಾಡುವವರು. ಅಂಥವರಿಗೆ ರಂಜಾನ್ ಒಳ್ಳೆ ಮರೆ ಆಗಿಬಿಡುತ್ತದೆ. ಊಟ ಬಿಟ್ಟರೂ ಯಾರೂ ಯಾಕೆ ಅಂತ ಕೇಳಲ್ಲ, ಎಷ್ಟು ಭಕ್ತಿ ಅಂತಾರೆ. ಕಾಣುವ ಕಾಯಿಲೆಗೆ ರಿಯಾಯಿತಿ ಒಪ್ಪುತ್ತೇವೆ, ಮನಸ್ಸಿನ ಕಾಯಿಲೆಗೆ ಒಪ್ಪಲ್ಲ. ಇದು ಇನ್ನೂ ಬದಲಾಗಿಲ್ಲ.

ಒಂಟಿಸಾಲು:

ನಾನು ತಮ್ಮನ ಕಡೆ. ಯಾರಾದರೂ ಅವನ ಪರ ಮಾತಾಡಬೇಕಲ್ಲ.

ನಾನು ಆರು ವರ್ಷದಿಂದ ರೋಜಾ ಇಲ್ಲ. ಕಾಯಿಲೆ ಇಲ್ಲ, ಪ್ರಯಾಣ ಇಲ್ಲ. ನಂಬಿಕೆ ಮೊದಲಿನ ಹಾಗಿಲ್ಲ, ಅದಕ್ಕೇ. ಇದನ್ನು ಮನೆಯಲ್ಲಿ ಹೇಳಿದ್ದು ಹೋದ ವರ್ಷ. ಅಲ್ಲಿಯವರೆಗೆ ಐದು ರಂಜಾನ್ ಸುಳ್ಳು ಹೇಳಿಕೊಂಡೇ ಕಳೆದೆ. ನೀಲಿದುಪಟ್ಟಾ ಅಕ್ಕ ಹೇಳಿದ ನಲ್ಲಿ ಸದ್ದು ನನಗೂ ಗೊತ್ತು.

ನಂಬಿಕೆ ಇಲ್ಲದೆ ಹಸಿದುಕೊಂಡಿರುವುದಕ್ಕಿಂತ ಹೇಳಿಬಿಡುವುದು ಮರ್ಯಾದೆ ಅಂತ ನನಗನ್ನಿಸಿತು. ಆದರೆ ಎಲ್ಲ ಕಡೆ ಹಾಗೆ ಹೇಳೋಕೆ ಬಿಡಲ್ಲ. ಮೊರಾಕೊದ ದಂಡಸಂಹಿತೆಯ 222ನೇ ವಿಧಿ ಪ್ರಕಾರ ಮುಸ್ಲಿಂ ಆದವನು ರಂಜಾನ್ ಹಗಲಲ್ಲಿ ಎಲ್ಲರೆದುರು ತಿಂದರೆ ಆರು ತಿಂಗಳವರೆಗೆ ಜೈಲು. 2009ರಲ್ಲಿ ಅಲ್ಲಿನ ಕೆಲವು ಯುವಕ ಯುವತಿಯರು ಇದನ್ನು ವಿರೋಧಿಸಿ ಬುತ್ತಿ ಕಟ್ಟಿಕೊಂಡು ಹೊರಟರು, ಪೊಲೀಸರು ರೈಲು ನಿಲ್ದಾಣದಲ್ಲೇ ತಡೆದರು. ಪಾಕಿಸ್ತಾನದಲ್ಲಿ 1981ರಿಂದ ಇಂಥದೇ ಕಾನೂನು ಇದೆ. ಟ್ಯುನೀಷಿಯಾದಲ್ಲಿ 2017ರಲ್ಲಿ ಜನ ಬೀದಿಗೆ ಬಂದು "ಬಲವಂತ ಬೇಡ" ಅಂತ ಕೂಗಿದರು. ಪೊಲೀಸ್ ಹೆದರಿಕೆಗೆ ಇರುವ ರೋಜಾವನ್ನು ಯಾರ ಲೆಕ್ಕಕ್ಕೆ ಬರೆಯೋದು?

ಹಾಗಂತ ಇರುವವರ ಮೇಲೆ ನನಗೆ ಒಂಚೂರೂ ಅಗೌರವ ಇಲ್ಲ. ಈಗಲೂ ಮನೆಯವರ ಜೊತೆ ಇಫ್ತಾರ್‌ಗೆ ಕೂರುತ್ತೇನೆ. ಹಗಲೆಲ್ಲ ಅವರ ಮುಂದೆ ತಿನ್ನಲ್ಲ. ಅಜಾನ್‌ಗೆ ಮುಂಚಿನ ಆ ಎರಡು ನಿಮಿಷ ಎಲ್ಲರೂ ಮಾತು ನಿಲ್ಲಿಸಿ ಕೂತಿರುತ್ತಾರಲ್ಲ, ಅದು ನನಗೆ ಈಗಲೂ ಬೇಕು. ಅದನ್ನು ಬಿಟ್ಟುಕೊಡೋಕೆ ಆಗಲಿಲ್ಲ.

ಹಳೇಕನ್ನಡಕ:

ಒಂಟಿಸಾಲು, ನಿನ್ನ ಮಾತು ನನಗೆ ನೋವು ಕೊಟ್ಟಿತು, ಅದನ್ನು ಮುಚ್ಚಿಡಲ್ಲ. ಆದರೆ ಸುಳ್ಳು ಹೇಳುವುದನ್ನು ನಿಲ್ಲಿಸಿದ್ದು ತಪ್ಪು ಅಂತ ಹೇಳೋಕೂ ನನಗೆ ಬಾಯಿ ಬರಲ್ಲ. ಜೈಲಿನ ವಿಷಯದಲ್ಲಿ ನಾನು ನಿನ್ನ ಜೊತೆ. ರೋಜಾ ಅಲ್ಲಾಹನಿಗೂ ಇರುವವನಿಗೂ ನಡುವಿನದು. ನಮಾಜ್ ಆದರೆ ಕಣ್ಣಿಗೆ ಕಾಣುತ್ತದೆ, ಜಕಾತ್ ದಾನ ಕೈಯಿಂದ ಕೈಗೆ ಹೋಗುತ್ತದೆ. ರೋಜಾ ಇದ್ದಾನೋ ಇಲ್ಲವೋ ಅಂತ ಹೊರಗಿನವರಿಗೆ ಗೊತ್ತೇ ಆಗಲ್ಲ. ಅದಕ್ಕೆ ಕಾವಲು ಹಾಕೋಕೆ ಹೋದರೆ ನಟನೆ ಹುಟ್ಟುತ್ತದೆ.

ಸರ್ಕಾರ ಇನ್ನೊಂದು ದಿಕ್ಕಿನಿಂದ ತಳ್ಳಿದಾಗಲೂ ಜನ ಕೇಳಿಲ್ಲ, ಅದೂ ನೆನಪಿರಲಿ. ನೀನು ಹೇಳಿದ ಅದೇ ಟ್ಯುನೀಷಿಯಾದ ಅಧ್ಯಕ್ಷ ಬುರ್ಗೀಬಾ 1960ರಲ್ಲಿ, ದೇಶದ ಬಡತನದ ವಿರುದ್ಧದ ಹೋರಾಟವೇ ಜಿಹಾದ್, ಕೆಲಸಕ್ಕಾಗಿ ರೋಜಾ ಬಿಡಿ ಅಂತ ಕರೆ ಕೊಟ್ಟಿದ್ದರು. ಹೆಚ್ಚಿನ ಜನ ಒಪ್ಪಲಿಲ್ಲ.

ಮನೆಯವರ ಜೊತೆ ಕೂರುವುದನ್ನು ಬಿಡಬೇಡ ಮಗಾ.

ಚಳಿನಾಡು:

ನಾನು ಯುರೋಪಿನ ಉತ್ತರ ಭಾಗದಲ್ಲಿ ಇದ್ದೇನೆ. ಸಂಜೆಗಾಳಿ ಕೇಳಿದ "ನಿಜವಾಗಿ ಬದಲಾಗಿದೆಯಾ" ಅನ್ನೋದಕ್ಕೆ ಯಾರೂ ನೇರವಾಗಿ ಉತ್ತರ ಕೊಡಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ರೋಜಾ ಇರುವವರು ಒಮ್ಮೆಲೇ ಕಡಿಮೆ ಆಗಿಬಿಟ್ಟಿದ್ದಾರೆ ಅನ್ನುವುದನ್ನು ನಾನು ನಂಬಲ್ಲ. ಅಮೆರಿಕದ ಪ್ಯೂ ಸಂಶೋಧನಾ ಸಂಸ್ಥೆಯವರು 2012ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ರೋಜಾ ಇರುತ್ತೇವೆ ಅಂದ ಮುಸ್ಲಿಮರ ಪ್ರಮಾಣ, 39 ದೇಶಗಳ ಮಧ್ಯದ ಅಂಕಿ, 93 ಶೇಕಡಾ ಇತ್ತು. ಮಧ್ಯ ಏಷ್ಯಾ, ಪೂರ್ವ ಯುರೋಪಿನ ಕಡೆ ಮಾತ್ರ ತುಂಬಾ ಕಡಿಮೆ. ಅಮೆರಿಕದಲ್ಲಿ 2017ರಲ್ಲಿ ಕೇಳಿದಾಗ ಹತ್ತರಲ್ಲಿ ಎಂಟು ಮುಸ್ಲಿಮರು ರೋಜಾ ಇರುತ್ತೇವೆ ಅಂದರು. ದಿನಕ್ಕೆ ಐದು ಹೊತ್ತು ನಮಾಜ್ ಮಾಡುತ್ತೇವೆ ಅಂದವರು 42 ಶೇಕಡಾ. ಅಂದರೆ ನಮಾಜ್ ತಪ್ಪಿಸುವವರಲ್ಲೂ ಎಷ್ಟೋ ಜನ ರೋಜಾ ತಪ್ಪಿಸುವುದಿಲ್ಲ. ನನ್ನ ಸುತ್ತಲೂ ಇದೇ ಕಾಣುತ್ತೇನೆ. ವರ್ಷವಿಡೀ ಮಸೀದಿ ಮೆಟ್ಟಿಲು ಹತ್ತದ ಹುಡುಗ ರಂಜಾನ್‌ನಲ್ಲಿ ಮಾತ್ರ ಒಂದು ದಿನ ಬಿಡಲ್ಲ. ನಾನು ಯಾರು ಅನ್ನೋದಕ್ಕೆ ಅವನಿಗೆ ಉಳಿದಿರುವ ಗುರುತು ಅದೊಂದೇ. ಅದರಲ್ಲಿ ಎಷ್ಟು ಭಕ್ತಿ, ಎಷ್ಟು ಗುರುತಿನ ಹಂಬಲ ಅಂತ ಅಳೆಯೋಕೆ ನಾನು ಯಾರು.

ಬದಲಾಗಿರುವುದು ಕೇಳುವ ರೀತಿ. ಹಿಜರಿ ವರ್ಷ ಸಾಮಾನ್ಯ ಕ್ಯಾಲೆಂಡರ್ ವರ್ಷಕ್ಕಿಂತ ಸುಮಾರು 11 ದಿನ ಚಿಕ್ಕದು, ಹಾಗಾಗಿ 33 ವರ್ಷಕ್ಕೊಮ್ಮೆ ರಂಜಾನ್ ಎಲ್ಲ ಕಾಲಗಳನ್ನೂ ಸುತ್ತಿ ಬರುತ್ತದೆ. 2015, 2016ರಲ್ಲಿ ಅದು ಜೂನ್‌ನಲ್ಲಿ ಬಂದಾಗ ಇಲ್ಲಿ ಹತ್ತೊಂಬತ್ತು ಇಪ್ಪತ್ತು ಗಂಟೆ ರೋಜಾ. ಇಫ್ತಾರ್ ಮುಗಿಸಿ ರಾತ್ರಿಯ ವಿಶೇಷ ನಮಾಜ್ ತರಾವೀಹ್‌ಗೆ ಹೋಗಿ ಬರುವಷ್ಟರಲ್ಲಿ ಸಹರಿ ಹೊತ್ತು. ಇನ್ನೂ ಉತ್ತರಕ್ಕೆ ಹೋದರೆ ಸೂರ್ಯ ಮುಳುಗುವುದೇ ಇಲ್ಲ. ಆಗ ಮಕ್ಕಾದ ಹೊತ್ತನ್ನು ಅನುಸರಿಸಬೇಕಾ, ಹತ್ತಿರದ ಊರಿನದ್ದಾ ಅಂತ ಉಲಮಾಗಳೇ ಬೇರೆ ಬೇರೆ ಉತ್ತರ ಕೊಟ್ಟರು. ಹಿಂದೆ ಇಮಾಮ್ ಹೇಳಿದ್ದೇ ಕೊನೆ ಮಾತಾಗುತ್ತಿತ್ತು. ಈಗ ಮೂರು ಉತ್ತರ ಮೊಬೈಲಲ್ಲೇ ಇವೆ, ಯಾವುದು ಅಂತ ನಾವೇ ಆರಿಸಬೇಕು. ಕೆಲವರಿಗೆ ಅದರಿಂದ ನೆಮ್ಮದಿ, ಕೆಲವರಿಗೆ ತಳಮಳ. 2030ರಲ್ಲಿ ಒಂದೇ ವರ್ಷ ಎರಡು ಸಲ ರಂಜಾನ್ ಶುರುವಾಗುತ್ತದೆ, ಜನವರಿಯಲ್ಲಿ ಒಂದು, ಡಿಸೆಂಬರ್ ಕೊನೆಗೆ ಇನ್ನೊಂದು. ಆಗ ಇಲ್ಲಿ ಮಧ್ಯಾಹ್ನದ ನಂತರ ಕಣ್ಣು ಮುಚ್ಚಿ ಬಿಡುವಷ್ಟರಲ್ಲಿ ಇಫ್ತಾರ್.

ಇನ್ನೊಂದು ಒಳ್ಳೆ ಬದಲಾವಣೆ, ಬೇರೆಯವರು ಅರ್ಥ ಮಾಡಿಕೊಳ್ಳುತ್ತಿದ್ದಾರೆ. ಇಂಗ್ಲೆಂಡಿನ ಪ್ರೀಮಿಯರ್ ಲೀಗ್‌ನಲ್ಲಿ 2021ರಿಂದ ಪಂದ್ಯದ ಮಧ್ಯೆ ಕ್ಷಣ ಹೊತ್ತು ಆಟ ನಿಲ್ಲಿಸಿ ಮುಸ್ಲಿಂ ಆಟಗಾರರಿಗೆ ಇಫ್ತಾರ್ ಮಾಡಲು ಬಿಡುತ್ತಿದ್ದಾರೆ. ಫ್ರಾನ್ಸ್‌ನ ಫುಟ್‌ಬಾಲ್ ಸಂಸ್ಥೆ ಮಾತ್ರ ಒಪ್ಪಿಲ್ಲ. 2023ರಲ್ಲಿ ಇಫ್ತಾರ್ ಯುನೆಸ್ಕೊ ಪಟ್ಟಿಗೂ ಸೇರಿತು.

ನನಗೆ ಇಷ್ಟವಾಗದ ಬದಲಾವಣೆಯೂ ಒಂದಿದೆ. ರೋಜಾವನ್ನು ಡಯಟ್ ಥರ ಮಾರುವುದು. "ಜಪಾನಿನ ವಿಜ್ಞಾನಿಗೆ ರೋಜಾ ಲಾಭ ಕಂಡುಹಿಡಿದಿದ್ದಕ್ಕೆ ನೊಬೆಲ್ ಬಂತು" ಅಂತ ಪ್ರತಿ ವರ್ಷ ವಾಟ್ಸಾಪಲ್ಲಿ ಬರುತ್ತದಲ್ಲ, ಓಸುಮಿ ಅವರಿಗೆ 2016ರಲ್ಲಿ ನೊಬೆಲ್ ಬಂದದ್ದು ಜೀವಕೋಶ ತನ್ನ ಹಳೆ ಭಾಗಗಳನ್ನೇ ಕರಗಿಸಿ ಮತ್ತೆ ಬಳಸುವುದು ಹೇಗೆ ಅಂತ ಯೀಸ್ಟ್‌ನಲ್ಲಿ ತೋರಿಸಿದ್ದಕ್ಕೆ. ರೋಜಾ ಬಗ್ಗೆ ಅಲ್ಲ. ತೂಕ ಇಳಿಯಲಿ ಬಿಡಲಿ, ನಾನು ಅದಕ್ಕಾಗಿ ಇರುತ್ತಿಲ್ಲ. ಸುಳ್ಳು ಮಾತು, ಕೆಟ್ಟ ನಡತೆ ಬಿಡದವನು ಅನ್ನ ನೀರು ಬಿಡುವುದು ಅಲ್ಲಾಹನಿಗೆ ಬೇಕಿಲ್ಲ ಅಂತ ಬುಖಾರಿ ಹದೀಸ್ ಸಂಗ್ರಹದಲ್ಲಿದೆ. ನಾನು ಪ್ರತಿ ವರ್ಷ ಎಡವುವುದು ಅಲ್ಲಿಯೇ. ಹೊಟ್ಟೆ ಸುಮ್ಮನಿರುತ್ತದೆ, ಬಾಯಿ ಸುಮ್ಮನಿರಲ್ಲ.

ಸಂಜೆಗಾಳಿ:

ಎಲ್ಲರಿಗೂ ಶುಕ್ರಿಯಾ. ಇಷ್ಟು ಮನಸ್ಸಿಟ್ಟು ಬರೆಯುತ್ತೀರಿ ಅಂದುಕೊಂಡಿರಲಿಲ್ಲ. ನಾಲ್ಕು ದಿನ ಆದ ಮೇಲೆ ಬರೆಯುತ್ತಿದ್ದೇನೆ.

ಮಕ್ಕಾ ದಾರಿಯ ಹದೀಸನ್ನು ಅಮ್ಮಿಗೆ ಓದಿ ಹೇಳಿದೆ. ಇನ್ನೊಂದು ಸಲ ಓದು ಅಂದರು. ಓದಿದೆ. "ಎಲ್ಲರ ಮುಂದೇನಾ ಕುಡಿದದ್ದು?" ಅಂತ ಕೇಳಿದರು. ಹೌದು ಅಂದೆ. ಆಮೇಲೆ ಮಾತಾಡಲಿಲ್ಲ, ತಸ್ಬೀಹ್ ಮಣಿಸರ ತಗೊಂಡು ಒಳಗೆ ಹೋದರು. ಮಾರನೇ ದಿನ ಸಹರಿಗೆ ಎದ್ದರು, ನಮಗೆಲ್ಲ ಬಡಿಸಿದರು, ನಿಯ್ಯತ್ (ರೋಜಾ ಇರುವ ಸಂಕಲ್ಪ) ಮಾತ್ರ ಮಾಡಲಿಲ್ಲ. ಮಧ್ಯಾಹ್ನ ಅಡುಗೆಮನೆ ಬಾಗಿಲು ತೆರೆದೇ ಇಟ್ಟು ನೀರು ಕುಡಿದರು. ಪಕ್ಕದ ಮನೆಯವರು ಬಂದಾಗ ಲೋಟ ಕೆಳಗಿಡಲು ಕೈ ಹೋಯಿತು, ಮತ್ತೆ ಹಾಗೇ ಹಿಡಿದುಕೊಂಡರು. "ಶುಗರ್ ಇಳಿಯುತ್ತೆ, ಡಾಕ್ಟರ್ ಬೇಡ ಅಂದಿದ್ದಾರೆ" ಅಂದರು. ಆ ಆಪಾ "ನನಗೂ ಹಾಗೇ ಹೇಳಿದ್ದಾರೆ" ಅಂದುಬಿಟ್ಟರು. ಅವರೂ ಇಷ್ಟು ದಿನ ಯಾರಿಗೂ ಹೇಳಿರಲಿಲ್ಲವಂತೆ.

ಆಲಿಮರನ್ನು ಕೇಳಿದೆವು, ಸದ್ಯಕ್ಕೆ ಫಿದ್ಯಾ ಕೊಡಿ ಅಂದರು. ಅಮ್ಮಿ ಕ್ಯಾಲೆಂಡರ್‌ನಲ್ಲಿ ದಿನಕ್ಕೊಂದು ಗೆರೆ ಎಳೆಯುತ್ತಿದ್ದಾರೆ.

ತಮ್ಮ ಹಾಗೇ ಇದ್ದಾನೆ. ನಿನ್ನೆ ಇದ್ದ, ಇವತ್ತು ಇಲ್ಲ. ನಾನು ಏನೂ ಹೇಳಿಲ್ಲ. ಅಮ್ಮಿ ಮಾತ್ರ ದಿನಾ ಹೇಳುತ್ತಾರೆ, ಅವನೂ ದಿನಾ ಕೇಳಿಸಿಕೊಳ್ಳುತ್ತಾನೆ. ಈಗ ಇಬ್ಬರೂ ಮಧ್ಯಾಹ್ನ ಒಂದೇ ಕಡೆ ಕೂತು ನೀರು ಕುಡಿಯುತ್ತಾ ಇದನ್ನು ಮಾತಾಡುತ್ತಾರೆ.

ವಾರ್ಡ್‌ಡ್ಯೂಟಿ ಅಕ್ಕ, ಒಂದು ವಿಷಯ. ಈದ್ ಆದ ಮೇಲೆ ಷವ್ವಾಲ್ ತಿಂಗಳ ಆರು ಐಚ್ಛಿಕ ರೋಜಾನಾದರೂ ಇರಬಹುದಾ ಅಂತ ಅಮ್ಮಿ ಈಗಲೇ ಶುರು ಮಾಡಿದ್ದಾರೆ. ಡಾಕ್ಟರ್ ಹತ್ತಿರ ಹೋಗುವಾಗ ಯಾವ ಯಾವ ಹೊತ್ತಿನ ರೀಡಿಂಗ್ ಬರೆದುಕೊಂಡು ಹೋಗಬೇಕು, ಎಷ್ಟು ದಿನದ್ದು, ಹೇಳಿ.